ಹಳೆಯ ಹೆಸರು, ಹೊಸ ನೌಕೆ
(ಶತಮಾನೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ಶಾಲೆಗೆ ನೂರು ವರ್ಷ ತುಂಬುವ ಹೊತ್ತಿಗೆ ಹೊಸ ಕಟ್ಟಡವೂ ಎದ್ದು ನಿಂತಿತು. ಅದರೊಂದಿಗೆ ಹೆಸರನ್ನೂ ಹೊಸದು ಮಾಡಬಾರದೇಕೆ ಎಂಬ ಪ್ರಶ್ನೆ ಸಭೆಯೊಂದರಲ್ಲಿ ಬಂದಿತು. ಇಂಗ್ಲಿಷ್ ಹೆಸರಿದ್ದರೆ ಮಕ್ಕಳು ಹೆಚ್ಚಾಗಿ ಬಂದಾರೆಂಬ ಆಸೆ ಅದರ ಹಿಂದಿತ್ತು. ತರಗತಿಯ ಬೆಂಚುಗಳು ಬರಿದಾಗುವುದನ್ನು ವರ್ಷವರ್ಷವೂ ಕಾಣುವ ನಾವು ಆ ಆಸೆಯನ್ನು ಹಗುರವಾಗಿ ಎಣಿಸಲಾರೆವು. ಆದರೆ ಆ ದಿನ ನಮಗೆ ನೆನಪಾದುದು ಒಂದು ಯುದ್ಧನೌಕೆ. ನೆಕ್ರಾಜೆಯ ಶಾಲೆಗೂ ಯುದ್ಧನೌಕೆಗೂ ಏನು ನಂಟೆಂದು ಮಕ್ಕಳು ನಗುತ್ತಿದ್ದಾರೆ, ನಗಲಿ.

ಎರಡನೆಯ ಮಹಾಯುದ್ಧದಲ್ಲಿ ಟಾರ್ಪಿಡೊ ಪೆಟ್ಟು ತಿಂದೂ ಉಳಿದ 'ನೈಜೀರಿಯಾ' ಎಂಬ ಬ್ರಿಟಿಷ್ ನೌಕೆಯನ್ನು ಭಾರತ 1954ರಲ್ಲಿ ಕೊಂಡಿತು. 1957ರ ಆಗಸ್ಟ್ 29ರಂದು ಅದು 'ಮೈಸೂರು' ಎಂಬ ಹೆಸರಿನಿಂದ ನಮ್ಮ ನೌಕಾಪಡೆಯನ್ನು ಸೇರಿತು. ಕಾಸರಗೋಡು ಕೇರಳಕ್ಕೆ ಸೇರಿ ಆಗ ಹತ್ತು ತಿಂಗಳೂ ಆಗಿರಲಿಲ್ಲ. ನಮ್ಮ ಹಿರಿಯರು ಸೇರಬಯಸಿದ್ದ ರಾಜ್ಯದ ಹೆಸರು ಹೀಗೆ ಕಡಲಿಗಿಳಿಯಿತು. 1961ರ ಡಿಸೆಂಬರಿನಲ್ಲಿ, ಗೋವಾ ವಿಮೋಚನೆಯ ವೇಳೆ, 'ಮೈಸೂರು' ಮತ್ತು 'ತ್ರಿಶೂಲ' ನೌಕೆಗಳ ನಾವಿಕರು ಕಾರವಾರದೆದುರಿನ ಅಂಜುದೀವ ದ್ವೀಪದಲ್ಲಿಳಿದು ಹೋರಾಡಿದರು. ಏಳು ಮಂದಿ ಮರಳಲಿಲ್ಲ. 1971ರ ಯುದ್ಧದಲ್ಲಿ 'ಮೈಸೂರು' ಪಶ್ಚಿಮ ನೌಕಾಬಲದ ಧ್ವಜನೌಕೆಯಾಗಿತ್ತು. 1973ರಲ್ಲಿ ರಾಜ್ಯವೇ ಕರ್ನಾಟಕವೆಂದಾಯಿತು; ನೌಕೆಯ ಹೆಸರು ಬದಲಾಗಲಿಲ್ಲ.

1985ರಲ್ಲಿ ಆ ನೌಕೆ ನಿವೃತ್ತವಾಯಿತು. 1999ರ ಜೂನ್ 2ರಂದು, ಮುಂಬಯಿಯ ಮಜಗಾಂವ್ ಡಾಕ್‌ನಲ್ಲಿ ನಿರ್ಮಿತವಾದ ಬೇರೊಂದು ನೌಕೆ ಅದೇ ಹೆಸರನ್ನು ಪಡೆಯಿತು. ವರ್ಷಾಂತ್ಯದ ಬಾಕಿಯನ್ನು ಹೊಸ ಲೆಕ್ಕದ ಪುಸ್ತಕದ ಮೊದಲ ಪುಟಕ್ಕೆ ಎತ್ತಿ ಬರೆಯುವಂತೆ, ಹಳೆಯ ನೌಕೆಯ ಕೀರ್ತಿಯೂ ಋಣವೂ ಹೊಸದರ ಪಾಲಿಗೆ ಬಂದವು. ನಮ್ಮ ಕೇರಳದ ಕೊಚ್ಚಿಯಲ್ಲೇ ನಿರ್ಮಿಸಿ 2022ರ ಸೆಪ್ಟೆಂಬರ್ 2ರಂದು ಸೇವೆಗೆ ಸೇರಿಸಿದ 'ವಿಕ್ರಾಂತ'ಕ್ಕೆ ಹೆಸರು ಮಾತ್ರವಲ್ಲ, ಹಿಂದಿನ ವಿಕ್ರಾಂತದ ಆರ್ 11 ಎಂಬ ಸಂಖ್ಯೆಯೂ ದೊರೆಯಿತು.

ಇವೆಲ್ಲಕ್ಕಿಂತ ನಮ್ಮನ್ನು ಕಲಕಿದುದು 'ಖುಕ್ರಿ'ಯ ಕಥೆ. 1971ರ ಡಿಸೆಂಬರ್ 9ರಂದು ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಅವರೊಡನೆ 190ಕ್ಕೂ ಹೆಚ್ಚು ಜೀವಗಳನ್ನು ಕೊಂಡೊಯ್ದು ಮುಳುಗಿದ ನೌಕೆಯದು. ಅಜ್ಜನ ಹೆಸರನ್ನು ಮೊಮ್ಮಗನಿಗಿಡುವ ನಮ್ಮ ಮನೆಗಳಲ್ಲೂ ಅಕಾಲದಲ್ಲಿ ಅಗಲಿದವರ ಹೆಸರಿಡಲು ಮನಸ್ಸು ಅಳುಕುತ್ತದೆ. ನೌಕಾಪಡೆ ಅಳುಕಲಿಲ್ಲ, 1989ರಲ್ಲಿ ಇನ್ನೊಂದು ನೌಕೆಯನ್ನು ಆ ಹೆಸರಿನಿಂದಲೇ ಕರೆಯಿತು. ಹೆಸರನ್ನು ಕೈಬಿಟ್ಟಿದ್ದರೆ ಆ ನಾವಿಕರು ಎರಡನೆಯ ಬಾರಿ ಮುಳುಗುತ್ತಿದ್ದರೆಂದು ನಮಗೆ ತೋರುತ್ತದೆ.

ಹಾಗೆಂದು ಹಳೆಯ ಹೆಸರೊಂದೇ ಮಕ್ಕಳನ್ನು ಕರೆತರುತ್ತದೆಂಬ ಭ್ರಮೆ ನಮಗಿಲ್ಲ. ಎರಡನೆಯ 'ಮೈಸೂರಿ'ಗೆ ಮೊದಲನೆಯದರ ತೋಪುಗಳನ್ನೇ ಜೋಡಿಸಿ ಕಳುಹಿಸಲಿಲ್ಲ, ಕ್ಷಿಪಣಿಗಳನ್ನು ಕೊಟ್ಟರು. ಆದುದರಿಂದ ಹೊಸ ಕಟ್ಟಡಕ್ಕೆ ವಾಚನಾಲಯ, ಕಂಪ್ಯೂಟರ್ ಕೊಠಡಿ, ಇಂಗ್ಲಿಷನ್ನು ಚೆನ್ನಾಗಿ ಕಲಿಸಬಲ್ಲ ಅಧ್ಯಾಪಕರು ಬೇಕೆಂದು ಅದೇ ಸಭೆಯಲ್ಲಿ ಕೇಳಿದೆವು. ಹೆಸರಿನ ವಿಷಯದಲ್ಲಿ ಮಾತ್ರ, 1956ರಲ್ಲಿ ರಾಜ್ಯವೇ ಬದಲಾದಾಗಲೂ ಬದಲಾಗದ ಹೆಸರನ್ನು ಈಗ ಒಂದು ಕಟ್ಟಡಕ್ಕಾಗಿ ಬಿಡುವುದೇ ಎಂದೆವು. ಸಭೆ ತುಸು ಹೊತ್ತು ಸುಮ್ಮನಿತ್ತು, ಆಮೇಲೆ ಒಪ್ಪಿತು.

ಫಲಕ ಬರೆಯುವವರು ನಾಳೆ ಬರುತ್ತಾರೆ. ಮೊದಲ ಸಾಲು ಕನ್ನಡದಲ್ಲಿ, ಅದರ ಕೆಳಗೆ ಮಲಯಾಳದಲ್ಲಿ, ಹಳೆಯ ಹೆಸರನ್ನೇ ಬರೆಯಲು ಹೇಳಿದ್ದೇವೆ.