ವಂಶಾವಳಿಯಲ್ಲಿ ನಮ್ಮವರ ಹೆಸರು



ಗಡಹಿಂಗ್ಲಜ ಸೀಮೆಯ ಹಳ್ಳಿಗಳಿಗೆ ಬರುವ ಹೆಳವರನ್ನು ನೀವು ಬಲ್ಲಿರಿ. ಎತ್ತಿನೊಡನೆ ಬಂದು, ತಮ್ಮ ಒಕ್ಕಲಿನ ಮನೆಯ ಮುಂದೆ ನಿಂತು, ಹಿರಿಯರ ಹೆಸರುಗಳನ್ನು ತಲೆಮಾರುಗಟ್ಟಲೆ ಹೇಳುತ್ತಾರೆ. ಹೊಸದಾಗಿ ಹುಟ್ಟಿದ ಮಗುವಿನ ಹೆಸರನ್ನು ಬರೆದುಕೊಂಡು, ಕಾಳು ಪಡೆದು ಹೋಗುತ್ತಾರೆ. ಆದರೆ ಊರು ಬಿಟ್ಟು ಇಚಲಕರಂಜಿಯ ಮಗ್ಗಕ್ಕೋ ಎಸ್ಟೇಟಿನ ಲೈನುಮನೆಗೋ ಹೋದವರ ಬಾಗಿಲಿಗೆ ಯಾರು ಬರುವರು? ಹಾಜರಿ ಪುಸ್ತಕದಲ್ಲಿ ನಮ್ಮ ಹೆಸರುಂಟು, ಅಜ್ಜಿಯ ಹೆಸರಿಲ್ಲ.

ಕೂಲಿಯವರಿಗೆ ವಂಶಾವಳಿ ಏತಕ್ಕೆ ಎನ್ನಬೇಡಿರಿ. ಮತ್ತಾಯನ ಸುವಾರ್ತೆಯು ವಂಶಾವಳಿಯಿಂದಲೇ ಆರಂಭವಾಗುತ್ತದೆ. ಅಲ್ಲಿ ಅರಸರ ಹೆಸರುಗಳ ಜೊತೆಯಲ್ಲಿ ರೂತಳ ಹೆಸರಿದೆ. ಆಕೆ ಮೋವಾಬಿನಿಂದ ಬಂದ ವಿಧವೆ. ಬೇತ್ಲೆಹೇಮಿನಲ್ಲಿ ಪರರ ಹೊಲದಲ್ಲಿ ಹಕ್ಕಲಾಯ್ದು ಅತ್ತೆಯನ್ನು ಸಾಕಿದಳು. ದಾವೀದನು ಆಕೆಯ ಮರಿಮಗ. ಆ ವಂಶದಲ್ಲೇ ನಮ್ಮ ಕರ್ತನು ಹುಟ್ಟಿದನು.

ಕುಲದ ಹೆಮ್ಮೆಗಾಗಿ ಅಲ್ಲ, ದುಡಿದು ನಮ್ಮನ್ನು ಸಾಕಿದವರನ್ನು ಮರೆಯದಿರಲು ಬರೆದಿಡೋಣ. ಈ ಭಾನುವಾರವೇ ಮಕ್ಕಳು ಅಜ್ಜಿಯ ಬಳಿ ಕೂತು, ತಂದೆಯ ಕಡೆಯವರ ಹೆಸರನ್ನೂ ತಾಯಿಯ ಕಡೆಯವರ ಹೆಸರನ್ನೂ, ಅವರ ಊರನ್ನೂ ಕೆಲಸವನ್ನೂ ಒಂದು ನೋಟುಪುಸ್ತಕದಲ್ಲಿ ಬರೆಯಲಿ. ವೈಲ್ಡರ್ ಪಾದ್ರಿಗಳು 1852ರಲ್ಲಿ ಕೊಲ್ಹಾಪುರಕ್ಕೆ ಬಂದರು; ಅಂದಿನಿಂದ ಬೆಳೆದ ಸಭೆಗಳಲ್ಲಿ ನಿಮ್ಮ ಹಿರಿಯರಿದ್ದರೆ, ಅಲ್ಲಿಯ ದೀಕ್ಷಾಸ್ನಾನದ ಪುಸ್ತಕವನ್ನೂ ಕೇಳಿ ನೋಡಿರಿ. ಹೆಸರು ಸಿಗದಿದ್ದರೆ ಜಾಗ ಖಾಲಿ ಬಿಡಿರಿ. ನಾವು ಮರೆತ ಹೆಸರನ್ನು ದೇವರು ಮರೆತಿಲ್ಲ.