ದೊರೆ ಒಳ್ಳೆಯವರಾದರೆ ಸಾಕೇ?

(ತೋಟ ಕಾರ್ಮಿಕರ ಕೂಟದಲ್ಲಿ ಮಾಡಿದ ಭಾಷಣ)



ತೋಟದ ಸಾಹೇಬರನ್ನು 'ದೊರೆ' ಎಂದು ಕರೆಯುವುದು ನಮ್ಮ ಹಿರಿಯರಿಂದ ಬಂದ ವಾಡಿಕೆ. ನಾರಾಯಣಪೇಟೆ, ಮಕ್ತಲ್, ಗದ್ವಾಲ ಕಡೆಯ ಹಳ್ಳಿಗಳಲ್ಲಿಯೂ ಜಮೀನಿನ ಒಡೆಯನಿಗೆ ಇದೇ ಹೆಸರು. ತೆಲುಗಿನವರು 'ದೊರ' ಅನ್ನುತ್ತಾರೆ. "ನಮ್ಮ ದೊರೆ ಒಳ್ಳೆಯವರು, ಕೇಳಿದರೆ ಕೊಡುತ್ತಾರೆ, ಸಂಘ ಯಾತಕ್ಕೆ?" ಎನ್ನುವವರು ನಮ್ಮ ಲೈನುಗಳಲ್ಲಿ ಇಂದಿಗೂ ಇದ್ದಾರೆ. ಈ ಪ್ರಶ್ನೆ ಬಹಳ ಹಳೆಯದು. ಇಟಲಿಯ ಫ್ಲಾರೆನ್ಸ್ ಪಟ್ಟಣದಲ್ಲಿ ಇದರ ಮೇಲೆ ಜನ ಪ್ರಾಣವನ್ನೇ ಕೊಟ್ಟಿದ್ದಾರೆ.

ಫ್ಲಾರೆನ್ಸ್ ಉಣ್ಣೆ ಬಟ್ಟೆಯ ಪಟ್ಟಣ. ನಾರಾಯಣಪೇಟೆ, ಗದ್ವಾಲಗಳಿಗೆ ಸೀರೆ ಹೇಗೋ ಅದಕ್ಕೆ ಉಣ್ಣೆ ಹಾಗೆ. ಅಲ್ಲಿ ರಾಜನಿರಲಿಲ್ಲ, ಗಣರಾಜ್ಯವೆಂದೇ ಹೇಳಿಕೊಳ್ಳುತ್ತಿದ್ದರು. ಆದರೆ ಆಳುತ್ತಿದ್ದವರು ವ್ಯಾಪಾರಿ ಸಂಘಗಳವರು. ಉಣ್ಣೆ ಹಿಂಜುವ ಕೂಲಿಗೆ ಸ್ವಂತ ಸಂಘ ಕಟ್ಟುವ ಹಕ್ಕಿರಲಿಲ್ಲ. 1345ರಲ್ಲಿ ಚೂತೋ ಬ್ರಾಂದೀನಿ ಎಂಬ ಉಣ್ಣೆ ಕೆಲಸಗಾರನು ಕೂಲಿಗಳನ್ನು ಸೇರಿಸಲು ಹೊರಟನು. ಅವನನ್ನು ಹಿಡಿದು ಗಲ್ಲಿಗೇರಿಸಿದರು. 1378ರಲ್ಲಿ ಕೂಲಿಗಳು ದಂಗೆ ಎದ್ದು ಅರಮನೆಯನ್ನೇ ಹಿಡಿದರು. ಮಿಕೇಲೆ ದಿ ಲಾಂದೋ ಎಂಬ ಉಣ್ಣೆ ಕೆಲಸಗಾರನು ಪಟ್ಟಣದ ಮುಖ್ಯಸ್ಥನಾದನು. ಅವರಿಗೂ ಒಂದು ಸಂಘ ಸಿಕ್ಕಿತು. ಎಷ್ಟು ದಿನ? ಕೆಲವೇ ವಾರ. ಆ ಸಂಘವನ್ನು ಮುರಿದಾಗ ಮಿಕೇಲೆಯೇ ಎದುರು ಪಕ್ಷದಲ್ಲಿ ನಿಂತಿದ್ದನು. ಇಂಥ ಮುಂದಾಳುಗಳನ್ನು ನಾವೂ ಕಂಡಿದ್ದೇವೆ, ಬಿಡಿ.

ಆಮೇಲೆ ಮೆದಿಚಿ ಎಂಬ ಸಾಹುಕಾರ ಮನೆತನವು 1434ರಿಂದ ತೆರೆಯ ಹಿಂದೆ ನಿಂತು ಆಳಿತು. 1494ರಲ್ಲಿ ಅವರನ್ನು ಓಡಿಸಿ ಮಹಾಸಭೆಯೊಂದನ್ನು ಮಾಡಿದರು. ಸಾವೊನರೋಲಾ ಎಂಬ ಸನ್ಯಾಸಿ ಅದರ ಪರವಾಗಿ ಉಪದೇಶ ಮಾಡಿದನು. ಆ ಸಭೆಯಲ್ಲಿಯೂ ಕೂಲಿಗೆ ಸ್ಥಾನವಿರಲಿಲ್ಲ, ಹೆಂಗಸರಿಗಂತೂ ಇಲ್ಲವೇ ಇಲ್ಲ. 1512ರಲ್ಲಿ ಮೆದಿಚಿಗಳು ತಿರುಗಿ ಬಂದರು. ಗಣರಾಜ್ಯದ ಕಾರ್ಯದರ್ಶಿ ಮೇಕಿಯವೆಲ್ಲಿ ಕೆಲಸ ಕಳೆದುಕೊಂಡನು. 1513ರಲ್ಲಿ ಸೆರೆಮನೆಯಲ್ಲಿ ಚಿತ್ರಹಿಂಸೆಗೆ ಗುರಿಯಾದನು.

ಮೇಕಿಯವೆಲ್ಲಿ ಎಂದರೆ ಮೋಸದ ರಾಜಕೀಯ ಎನ್ನುವವರುಂಟು. ರಾಜನು ಅಧಿಕಾರವನ್ನು ಹೇಗೆ ಉಳಿಸಿಕೊಳ್ಳಬೇಕೆಂದು ಬರೆದವನು ಅವನೇ; ಸಭೆಯ ಗುರುಗಳನ್ನೂ ಅವನು ಬಿಟ್ಟಿಲ್ಲ. ಆದರೆ ಗಣರಾಜ್ಯದ ಬಗ್ಗೆ ಅವನು ಬರೆದದ್ದು ನಮಗೆ ಬೇಕಾದ ಮಾತು. ದೊಡ್ಡವರಿಗೆ ಆಳುವ ಆಸೆ, ಬಡವರಿಗೆ ತುಳಿತಕ್ಕೆ ಒಳಗಾಗದಿರುವ ಆಸೆ. ಆದಕಾರಣ ಸ್ವಾತಂತ್ರ್ಯದ ಕಾವಲನ್ನು ಬಡವರ ಕೈಗೆ ಕೊಡುವುದೇ ಕ್ಷೇಮ ಎಂದನು. ಹಳೆಯ ರೋಮಿನಲ್ಲಿ ಸಾಮಾನ್ಯ ಜನ ಪಟ್ಟಣ ಬಿಟ್ಟು ಗುಡ್ಡಕ್ಕೆ ಹೋಗಿ ಕುಳಿತದ್ದರಿಂದಲೇ ಅವರಿಗೆ ಸ್ವಂತ ಪ್ರತಿನಿಧಿಗಳು ದೊರೆತರು. ಜಗಳ ಊರನ್ನು ಕೆಡಿಸುತ್ತದೆ ಎನ್ನುವ ಪಂಡಿತರಿಗೆ ಅವನ ಉತ್ತರ ಇದು: ಒಳ್ಳೆಯ ಕಾನೂನುಗಳು ಹುಟ್ಟಿದ್ದೇ ಆ ಜಗಳದಿಂದ.

1520ರಲ್ಲಿ ಅವನಿಗೆ ಫ್ಲಾರೆನ್ಸಿನ ಚರಿತ್ರೆ ಬರೆಯುವ ಕೆಲಸ ಸಿಕ್ಕಿತು. ಅದೇ ವರ್ಷ ಮಕ್ತಲಿನಿಂದ ಹೊಳೆಯಾಚೆ ರಾಯಚೂರಿನ ಕೋಟೆಯನ್ನು ಕೃಷ್ಣದೇವರಾಯನು ಆದಿಲಶಾಹಿಯಿಂದ ಗೆದ್ದನು. ಕೋಟೆಗೆ ಒಡೆಯ ಬದಲಾದನು. ಹೊಲದಲ್ಲಿದ್ದವನನ್ನು ಯಾರೂ ಕೇಳಲಿಲ್ಲ.

ಗದ್ವಾಲವು ಕೃಷ್ಣೆ ತುಂಗಭದ್ರೆಯರ ನಡುವಿನ ಸಂಸ್ಥಾನ. ನಿಜಾಮರಿಗೆ ಕಪ್ಪ ಕೊಡುತ್ತಿತ್ತು. ಅಲ್ಲಿಯ ಅರಸರು ವಿದ್ವಾಂಸರನ್ನು ಸಾಕಿದವರು, 'ವಿದ್ವತ್ ಗದ್ವಾಲ' ಎಂದೇ ಹೆಸರು. ಕೊನೆಗೆ ಆಳಿದವರು ರಾಣಿ ಆದಿಲಕ್ಷ್ಮಿ ದೇವಮ್ಮನವರು. ಅವರನ್ನು ನಾವು ಹಳಿಯುವುದಿಲ್ಲ. ಆದರೆ ಪ್ರಜೆ ಒಳ್ಳೆಯ ಅರಸಿಯನ್ನು ಹೊಗಳಬಹುದಿತ್ತು, ಕಾಲಿಗೆ ಬಿದ್ದು ಬೇಡಬಹುದಿತ್ತು; ಲೆಕ್ಕ ಕೇಳುವಂತಿರಲಿಲ್ಲ, ಇಳಿಸುವಂತಿರಲಿಲ್ಲ. ಮುಂದೆ ಬರುವವರು ಕೆಟ್ಟವರಾದರೆ ಏನು ಗತಿ? ತೆಲಂಗಾಣದಲ್ಲಿ ದೊರಗಳ ಮನೆಗೆ ಕೂಲಿಯಿಲ್ಲದೆ ದುಡಿಯುವ 'ವೆಟ್ಟಿ' ನಿಜಾಮರ ಆಳ್ವಿಕೆಯ ಕೊನೆಯವರೆಗೂ ನಡೆಯಿತು. ದೊರ ದಯವಂತನಾದರೆ ಹೊಟ್ಟೆಗೆ ಗಂಜಿ, ಇಲ್ಲವಾದರೆ ಬೈಗುಳ. ಎರಡೂ ಅವನ ಇಷ್ಟವೇ.

1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಭಾರತಕ್ಕೆ ಸೇರಿತು. 1949ರಲ್ಲಿ ಜಾಗೀರುಗಳು ರದ್ದಾದವು. 1950ರ ಜನವರಿ 26ರಿಂದ ನಾವು ಗಣರಾಜ್ಯದವರು. ಮೊದಲ ಮಹಾ ಚುನಾವಣೆ 1952ರಲ್ಲಿ ಮುಗಿದಾಗ ವೆಟ್ಟಿಯ ಆಳೂ ಅವನ ಹೆಂಡತಿಯೂ ಮತ ಹಾಕಿದ್ದರು, ದೊರನೂ ಹಾಕಿದ್ದನು. ಎಲ್ಲರದ್ದೂ ಒಂದೇ ಮತ. ಫ್ಲಾರೆನ್ಸಿನವರು ಇದನ್ನು ಕನಸಿನಲ್ಲಿಯೂ ಎಣಿಸಿರಲಿಲ್ಲ.

ಇಷ್ಟರಿಂದ ಕೆಲಸ ಮುಗಿಯಿತೆನ್ನಲಾಗದು. 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆಯ ಗದ್ವಾಲ, ಆಲಂಪುರ ತಾಲ್ಲೂಕುಗಳು ಆಂಧ್ರಪ್ರದೇಶಕ್ಕೆ ಹೋದವು. ತೆಲುಗು ಹೆಚ್ಚಾದ್ದರಿಂದ ಅದು ನ್ಯಾಯವೇ ಇರಬಹುದು. ಆದರೆ ಮಕ್ತಲಿನ ಕಡೆ ಕೃಷ್ಣಾ ತೀರದ ಹಳ್ಳಿಗಳಲ್ಲಿ ಮನೆಮಾತು ಕನ್ನಡವಾಗಿಯೇ ಉಳಿಯಿತು. ಅದೇ 1956ರಲ್ಲಿ ಸಂವಿಧಾನಕ್ಕೆ 350-ಎ ವಿಧಿ ಸೇರಿತು: ಅಲ್ಪಸಂಖ್ಯಾತ ಭಾಷೆಯ ಮಕ್ಕಳಿಗೆ ಪ್ರಾಥಮಿಕ ಪಾಠವನ್ನು ತಾಯಿನುಡಿಯಲ್ಲಿ ಕಲಿಸುವ ಅನುಕೂಲವನ್ನು ರಾಜ್ಯವು ಮಾಡಿಕೊಡಲು ಪ್ರಯತ್ನಿಸಬೇಕು. ತೋಟಗಳಿಗೆ ದುಡಿಯಲು ಬಂದಿರುವ ತಮಿಳು, ತೆಲುಗು ಮನೆಗಳ ಮಕ್ಕಳಿಗೂ ಇದು ಅನ್ವಯಿಸುತ್ತದೆ. ಸಾಹೇಬರ ಬಂಗಲೆಯ ಬಾಗಿಲಲ್ಲಿ ಕೈಕಟ್ಟಿ ಕೇಳುವ ವಿಷಯ ಇದಲ್ಲ. ಅರ್ಜಿ ಬರೆದು, ತಂದೆ ತಾಯಿ ಇಬ್ಬರೂ ಸಹಿ ಹಾಕಿ, ಶಿಕ್ಷಣ ಇಲಾಖೆಯ ಕಚೇರಿಗೆ ಕೊಟ್ಟು ರಸೀದಿ ಪಡೆಯುವ ವಿಷಯ. ಹೆಬ್ಬೆಟ್ಟೂ ನಡೆಯುತ್ತದೆ.