ರಜೆ ಸಿಗದವನ ಚಿತ್ರಕಥೆ



ನನ್ನ ಮೊದಲ ಚಿತ್ರಕಥೆ ಬರೆದದ್ದು ದುಬೈನ ಲೇಬರ್ ಕ್ಯಾಂಪಿನಲ್ಲಿ, ಮೇಲಿನ ಮಂಚದಲ್ಲಿ ಕೂತು. ಅಪ್ಪ ತೀರಿಕೊಂಡಾಗ ರಜೆ ಸಿಗದ ನನ್ನದೇ ಕಥೆ. ಊರು, ಸಾಲ, ವೀಸಾ ಎಲ್ಲ ಹೇಳಿ ಸಾವಿನ ಫೋನು ಬರುವಷ್ಟರಲ್ಲಿ 90 ಪುಟ! ಪುಟಕ್ಕೊಂದು ನಿಮಿಷದ ಲೆಕ್ಕದಲ್ಲಿ ಒಂದೂವರೆ ಗಂಟೆ. ರೂಮಿನ ಮಂಗಳೂರಿನವರೊಬ್ಬರು ಓದಿ, "ಇವನಿಗೆ ಬೇಕಾದ್ದು ಎಂಥದು ಮಾರಾಯ?" ಅಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಆಮೇಲೆ 1972ರ 'ಬಂಗಾರದ ಮನುಷ್ಯ'ವನ್ನು ನಿಲ್ಲಿಸಿ ನಿಲ್ಲಿಸಿ ನೋಡಿದೆ. ಭಾವ ತೀರಿಕೊಂಡ ಮೇಲೆ ರಾಜೀವ ಅಕ್ಕನ ಮನೆಯಲ್ಲೇ ನಿಲ್ಲುತ್ತಾನೆ. ಮುಂದಿನ ದುಡಿಮೆಯೆಲ್ಲ ಹುಟ್ಟುವುದು ಆ ನಿರ್ಧಾರದಿಂದ. ಕೊನೆಗೆ ಅಕ್ಕನ ಮಗನೇ ಅನುಮಾನಿಸಿದಾಗ ಅವನು ಮನೆ ಬಿಡುವುದು ನಮಗೆ ಚುಚ್ಚುವುದೂ ಅದರಿಂದಲೇ.

ನಾನು ಫೋನನ್ನು 10ನೇ ಪುಟಕ್ಕೆ ತಂದೆ. ಬೆಳಗಾಗುವುದರೊಳಗೆ ಪಾಸ್‌ಪೋರ್ಟ್ ಕೈಗೆ ಬರಬೇಕು, ಅಷ್ಟೇ ಅವನಿಗೆ ಬೇಕಾದ್ದು. ಜಾನರ್ ಕೂಡ ಬದಲಾಯಿತು: ಅಳಿಸುವ ಕುಟುಂಬಚಿತ್ರವಿದ್ದದ್ದು ಒಂದು ರಾತ್ರಿಯ ಥ್ರಿಲ್ಲರ್ ಆಯಿತು. ಸಾಲ, ವೀಸಾ ದಾರಿಯಲ್ಲಿ ತಾವಾಗಿಯೇ ಬಂದವು. ಅಪ್ಪನ ಬಗ್ಗೆ ಬರೆದಿದ್ದ 12 ಪುಟ ಹೊಡೆದುಹಾಕಿದೆ, ಕೈ ನಡುಗಿತು. ಉಳಿದದ್ದು ಅವರು ಪ್ರತಿ ಫೋನಿನಲ್ಲೂ ಕೇಳುತ್ತಿದ್ದ ಒಂದು ಮಾತು: "ಊಟ ಆಯ್ತೇನೋ?"